ಸೋನು ಹಾಡ ಬಂತೇನ್ರೀ?

2009ನೆಯ ವರ್ಷವನ್ನು ನಮ್ಮ ಸೀಮೆಯ ಜನ ಮಳೆಯ ಹೆಸರಿನಿಂದ ನೆನೆಯುತ್ತಾರೆ. ಸಾರವಾಡದ ನಮ್ಮ ಓಣಿಯ ಕೆಲವು ಹುಡುಗರಿಗೆ ಆ ವರ್ಷದ ಮೇಲೆ ಇನ್ನೊಂದು ಗುರುತೂ ಇದೆ. ಸೋನು ನಿಗಮ್ ಕನ್ನಡದಲ್ಲಿ ಪೂರಾ ಒಂದು ಆಲ್ಬಮ್ ಹಾಡುತ್ತಾರಂತೆ ಎಂಬ ಸುದ್ದಿ ಹಿಡಿದುಕೊಂಡು ನಾವು ತಿಂಗಳುಗಟ್ಟಲೆ ಕಾದಿದ್ದ ವರ್ಷ ಅದು.

ಸುದ್ದಿ ಸಿಕ್ಕಿದ್ದು ಕಟಿಂಗ್ ಅಂಗಡಿಯಲ್ಲಿ. ಅಲ್ಲಿಗೆ ಬರುವ ಪೇಪರು ಊರಿನ ಅರ್ಧ ಜನರ ಕೈ ದಾಟಿದ ಮೇಲೆ ನಮಗೆ ಸಿಗುತ್ತಿತ್ತು. ನಮಗೆ ಬೇಕಾದದ್ದು ಸಿನಿಮಾ ಪುಟ ಒಂದೇ, ಅದನ್ನು ಬೇರೆ ಯಾರೂ ಓದುತ್ತಿರಲಿಲ್ಲವಾದ್ದರಿಂದ ಮಡಿಕೆ ಬಿಚ್ಚದೆ ಹಾಗೇ ಉಳಿದಿರುತ್ತಿತ್ತು. ಒಂದು ಮೂಲೆಯಲ್ಲಿ ನಾಲ್ಕು ಸಾಲು: ಸೋನು ನಿಗಮ್ ಅವರ ಕನ್ನಡ ಆಲ್ಬಮ್, ಸಂಗೀತ ಮನೋಮೂರ್ತಿ, ಸಾಹಿತ್ಯ ಜಯಂತ ಕಾಯ್ಕಿಣಿ, ಹೆಸರು 'ನೀನೇ ಬರೀ ನೀನೇ'. ಓದಿದವನು ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು ಬಾಗಿಲಿಗೆ ಬಂದು ನಮ್ಮನ್ನು ಕೂಗಿದ. 'ಮೂರೂ ಮಂದಿ ಕೂಡ್ಯಾರಲೇ!' ಯಾವ ಮೂವರು ಎಂದು ನಾವು ಕೇಳುವ ಅಗತ್ಯವೇ ಇರಲಿಲ್ಲ.

ಆ ಮೂವರು ಒಟ್ಟಿಗೆ ನಮ್ಮ ಮನೆ ಹೊಕ್ಕಿದ್ದು 'ಮುಂಗಾರು ಮಳೆ'ಯ ಮೂಲಕ. ಯೋಗರಾಜ ಭಟ್ಟರ ಆ ಸಿನಿಮಾ 2006ರ ಡಿಸೆಂಬರ್ 29ರಂದು ಬಿಡುಗಡೆಯಾಯಿತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಓಡಿತು ಎಂದು ಆಮೇಲೆ ಓದಿದೆವು. ಸಾರವಾಡದಲ್ಲಿ ಅದು ಓಡಿದ್ದು ಮೊಬೈಲುಗಳಲ್ಲಿ, ಟಂಟಂಗಳಲ್ಲಿ, ಮದುವೆ ಮಂಟಪಗಳಲ್ಲಿ. ಬಿಜಾಪುರಕ್ಕೆ ಹೋಗುವ ಟಂಟಂ ಹತ್ತಿದರೆ ಡೋಣಿ ಹೊಳೆಯ ಸೇತುವೆ ದಾಟುವುದರೊಳಗೆ 'ಅನಿಸುತಿದೆ' ಒಮ್ಮೆಯಾದರೂ ಬರಲೇಬೇಕು. ಡ್ರೈವರ್ ಹಾಕದಿದ್ದರೆ ಹಿಂದೆ ಕೂತವರು ಬಿಡುತ್ತಿರಲಿಲ್ಲ. ಅದರ ಬೆನ್ನಿಗೆ 2007ರಲ್ಲಿ ಪುನೀತ್ ಅವರ 'ಮಿಲನ' ಬಂತು, 2008ರಲ್ಲಿ 'ಗಾಳಿಪಟ', 'ಮುಸ್ಸಂಜೆ ಮಾತು' ಬಂದವು. ಸಿನಿಮಾ ಯಾವುದೇ ಇರಲಿ, ಹಾಡು ಶುರುವಾದ ಕೂಡಲೆ ನಾವು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಸೋನು ಹೌದೋ ಅಲ್ಲೋ?

ಫರೀದಾಬಾದಿನಲ್ಲಿ ಹುಟ್ಟಿದ, ರಫಿಯವರ ಹಾಡು ಹಾಡಿಕೊಂಡು ಬೆಳೆದ ಒಬ್ಬ ಗಾಯಕ ಡೋಣಿ ದಂಡೆಯ ಹುಡುಗರಿಗೆ ಇಷ್ಟು ಹತ್ತಿರದವನಾದದ್ದು ಹೇಗೆ ಎಂದು ಈಗ ಯೋಚಿಸುತ್ತೇನೆ. ನಮ್ಮೂರಲ್ಲಿ ಹಾಡಿಗೆ ಬರವಿರಲಿಲ್ಲ. ಶ್ರಾವಣದಲ್ಲಿ ಗುಡಿಯ ಭಜನೆ ಬೆಳಗಿನವರೆಗೂ ನಡೆಯುತ್ತಿತ್ತು. ಶರೀಫರ ತತ್ವಪದ, ಡೊಳ್ಳಿನ ಪದ, ಮೊಹರಂನ ರಿವಾಯತ್ ಪದ, ಇವೆಲ್ಲ ಕಿವಿಗೆ ಬಿದ್ದೇ ಬೆಳೆದವರು ನಾವು. ಆದರೆ ಅವೆಲ್ಲ ಏರುದನಿಯ ಹಾಡು, ಹತ್ತು ಮಂದಿ ಕೂಡಿ ಹಾಡುವ ಹಾಡು. ಬಯಲಿಗೆ ಬೇಕಾದ ದನಿ ಅದು. ಒಬ್ಬನೇ ಕೂತು, ಇನ್ನೊಬ್ಬರಿಗೆ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿಕೊಳ್ಳುವ ದನಿ ನಮ್ಮ ಹತ್ತಿರ ಇರಲಿಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಹೇಳಿಕೊಳ್ಳುವುದು ಬೇಕಾದಷ್ಟು ಇತ್ತು. ಅದನ್ನು ಸೋನು ನಮ್ಮ ಪರವಾಗಿ ಹೇಳುತ್ತಿದ್ದರು, ಅದೂ ಒಂದಕ್ಷರ ತೊದಲದೆ. ಕಾಯ್ಕಿಣಿಯವರ ಮಾತು ಎಷ್ಟು ನಾಜೂಕೋ ಅಷ್ಟೇ ನಾಜೂಕಾಗಿ ಅದನ್ನು ಎತ್ತಿ ಇಡುತ್ತಿದ್ದರು. ಗುಡಿಯ ಭಜನೆಯಲ್ಲಿ ಮುಂದಾಗಿ ನಿಂತು ಹಾಡುತ್ತಿದ್ದ ನಮ್ಮ ಗೆಳೆಯನೊಬ್ಬ ಸೋನು ಹಾಡುಗಳನ್ನು ಕಿವಿಗೊಟ್ಟು ಕೇಳಿ ಹೇಳಿದ್ದ: 'ಉಸಿರು ಎಲ್ಲಿ ತಗೋತಾನೋ ಗೊತ್ತss ಆಗವಲ್ದಲೇ.' ಹಾಡುವವನೇ ಕೊಟ್ಟ ಸರ್ಟಿಫಿಕೇಟು ಅದು. ಅದರ ಮೇಲೆ ನಾವು ಯಾರ ಮಾತೂ ಕೇಳಲಿಲ್ಲ.

ಆಲ್ಬಮ್ ಅಂದರೇನು ಎಂಬುದನ್ನು ನಮಗೆ ತಿಳಿಸಿಕೊಟ್ಟವನು ನಮ್ಮ ಓಣಿಯ ಟೇಲರನ ಮಗ. ಅವರ ಮನೆಯಲ್ಲಿ 1999ರ 'ದೀವಾನಾ' ಕ್ಯಾಸೆಟ್ ಇತ್ತು. ಅವನ ಅಣ್ಣ ಸೊಲ್ಲಾಪುರದಿಂದ ತಂದದ್ದು. ಸಿನಿಮಾ ಇಲ್ಲ, ಹೀರೋ ಇಲ್ಲ, ಕಥೆ ಇಲ್ಲ. ಕವರಿನ ಮೇಲೆ ಸೋನು ಒಬ್ಬರೇ. ಹೊಲಿಗೆ ಮಷೀನಿನ ಪಕ್ಕದ ಟೇಪಿನಲ್ಲಿ ಆ ಕ್ಯಾಸೆಟ್ ಎಷ್ಟು ಸಲ ಓಡಿತ್ತೆಂದರೆ ಲೇಬಲ್ಲಿನ ಅಕ್ಷರ ಅಳಿಸಿಹೋಗಿ, ಎ ಬದಿ ಯಾವುದು ಬಿ ಬದಿ ಯಾವುದು ಎಂದು ಗುರುತು ಹಿಡಿಯಲು ಅವರಪ್ಪ ಒಂದು ಬದಿಗೆ ಹಳದಿ ಸೀಸದ ಗೆರೆ ಎಳೆದಿದ್ದರು. 'ಕನ್ನಡದಾಗೂ ಹಿಂಗss ಬರತೈತಿ,' ಎಂದು ಅವನು ಹೇಳಿದಾಗ ನಮಗೆ ಏನೋ ದೊಡ್ಡದು ಕೈಗೆ ಬರಲಿದೆ ಅನ್ನಿಸಿತು. ಸಿನಿಮಾದ ಹಾಡು ಎಷ್ಟೇ ಚಂದ ಇರಲಿ, ಅದು ನಟ ಗಣೇಶರದೋ ಪುನೀತರದೋ ಆಗಿರುತ್ತಿತ್ತು. ಅವರು ಕುಣಿದ ಜಾಗ, ಹಾಕಿದ ಅಂಗಿ, ಎದುರಿಗಿದ್ದ ಹುಡುಗಿ ಎಲ್ಲ ಕೂಡಿಯೇ ಬರುತ್ತಿದ್ದವು. ಬರುವ ಈ ಹಾಡುಗಳಿಗೆ ಯಾರ ಮುಖವೂ ಇರುವುದಿಲ್ಲ. ಯಾರು ಬೇಕಾದರೂ ತಮ್ಮದು ಎಂದುಕೊಳ್ಳಬಹುದು.

ಕನ್ನಡಕ್ಕೆ ಆಲ್ಬಮ್ ಹೊಸದೇನಲ್ಲ ಎಂದು ನಮ್ಮ ಕಾಲೇಜಿನ ಒಬ್ಬ ಮೇಷ್ಟ್ರು ಹೇಳಿದ್ದರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲೇ ಬಂದಿತ್ತು. ಆಮೇಲೆ ಸಿ. ಅಶ್ವತ್ಥರ ಕ್ಯಾಸೆಟ್ಟುಗಳು ಬಂದವು, ಶರೀಫರ ಪದಗಳು ಅವರ ಗಂಟಲಿನಲ್ಲಿ ಮನೆಮನೆ ಹೊಕ್ಕವು. ಆ ಮೇಷ್ಟ್ರು ತಮ್ಮ ಹರೆಯದಲ್ಲಿ ಅಶ್ವತ್ಥರ ಹೊಸ ಕ್ಯಾಸೆಟ್ಟಿಗಾಗಿ ಧಾರವಾಡದ ಅಂಗಡಿಗೆ ಸೈಕಲ್ ತುಳಿದು ಹೋಗುತ್ತಿದ್ದರಂತೆ. ನಮ್ಮ ಹುಚ್ಚನ್ನು ನೋಡಿ ಬೈಯದೆ ಇದ್ದ ಹಿರಿಯರು ಅವರೊಬ್ಬರೇ.

ಬಿಜಾಪುರದ ಗಾಂಧಿ ಚೌಕದ ಹತ್ತಿರ ನಾವು ಹೋಗುತ್ತಿದ್ದ ಕ್ಯಾಸೆಟ್ ಅಂಗಡಿ ಮೂರು ಮಂದಿ ನಿಂತರೆ ತುಂಬುವಷ್ಟು ಸಣ್ಣದು. ಒಂದು ಗೋಡೆಗೆ ಪ್ರವಚನ ಮತ್ತು ತತ್ವಪದ, ಒಂದು ಗೋಡೆಗೆ ಹಿಂದಿ, ಮರಾಠಿ. ಎದುರಿಗೆ ಕನ್ನಡ ಸಿನಿಮಾ, ಕೆಳಗಿನ ಹಲಗೆಗೆ ನಾಟಕದ ಹಾಸ್ಯದ ಕ್ಯಾಸೆಟ್ಟು ಮತ್ತು ಗೀಗೀಪದ. ಆಗಲೇ ಕ್ಯಾಸೆಟ್ಟುಗಳು ಮೇಲಿನ ಹಲಗೆಗೆ ಹೋಗಿ, ಕೈಗೆ ಸಿಗುವ ಎತ್ತರದಲ್ಲಿ ಸಿ.ಡಿ. ಬಂದಿದ್ದವು. ಅಂಗಡಿಯ ಒಂದು ಮೂಲೆಯಲ್ಲಿ ಕಂಪ್ಯೂಟರು, ಅದರ ಮುಂದೆ ಮೆಮರಿ ಕಾರ್ಡು ಹಿಡಿದ ಹುಡುಗರ ಸಾಲು. ಒಂದು ಜಿ.ಬಿ. ಹಾಡು ತುಂಬಿಸಿಕೊಂಡು ಹೋದರೆ ಒಂದು ಹಂಗಾಮಿಗೆ ಸಾಕು. ಅಂಗಡಿಯವರಿಗೆ ನಮ್ಮ ಮುಖ ಕಂಡ ಕೂಡಲೇ ಗೊತ್ತಾಗುತ್ತಿತ್ತು. 'ಸೋನು ಹಾಡ ಬಂತೇನ್ರೀ?' ಎಂದು ನಾವು ಕೇಳುವ ಮೊದಲೇ ಕೈ ಅಲ್ಲಾಡಿಸಿ ಬಿಡುತ್ತಿದ್ದರು. ಕಾಲೇಜಿಗೆಂದು ದಿನಾ ಬಸ್ಸು ಹತ್ತುವ ನಾವು ಸಂಜೆ ಬಸ್ ಸ್ಟ್ಯಾಂಡಿಗೆ ನೆಟ್ಟಗೆ ಹೋಗದೆ ಗಾಂಧಿ ಚೌಕ ಸುತ್ತಿಕೊಂಡು ಹೋಗುವುದು ಅಭ್ಯಾಸವಾಗಿಹೋಯಿತು. ತಡವಾಗಿ ಮನೆ ಮುಟ್ಟಿ ಬೈಸಿಕೊಳ್ಳುವುದೂ ಅಭ್ಯಾಸವಾಯಿತು.

ಒಂದು ವಿಷಯದಲ್ಲಿ ಮಾತ್ರ ನಾವು ಗಟ್ಟಿಯಾಗಿದ್ದೆವು. ಈ ಆಲ್ಬಮ್ಮನ್ನು ಕಾರ್ಡಿಗೆ ತುಂಬಿಸಿಕೊಳ್ಳುವುದಿಲ್ಲ, ಸೀಲು ಒಡೆಯದ ಅಸಲಿ ಸಿ.ಡಿ.ಯನ್ನೇ ತರಬೇಕು. ಎಲ್ಲರೂ ಕೂಡಿ ರೊಕ್ಕ ಹಾಕಬೇಕು. ಯಾರೂ ನಮಗೆ ಹೀಗೆ ಮಾಡಿರಿ ಎಂದು ಹೇಳಿರಲಿಲ್ಲ. ಅಷ್ಟು ಸಿನಿಮಾ ಹಾಡುಗಳನ್ನು ಪುಕ್ಕಟೆ ಕೇಳಿದ ಮೇಲೆ ಇದೊಂದನ್ನಾದರೂ ಕೊಂಡು ಕೇಳಬೇಕು ಎಂದು ನಮಗೇ ಅನ್ನಿಸಿತ್ತು.

ನಮ್ಮ ಅಕ್ಕನ ನೋಟುಬುಕ್ಕಿನ ಬಗ್ಗೆ ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ಇನ್ನೂರು ಪುಟದ ಉದ್ದ ನೋಟುಬುಕ್ಕು, ಅದಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಬಿಜಾಪುರ ಆಕಾಶವಾಣಿಯಲ್ಲಿ ಹಾಡು ಬಂದಾಗ ಓಡಿ ಬಂದು ಬರೆದುಕೊಳ್ಳುತ್ತಿದ್ದಳು. ಒಂದೇ ಸಲಕ್ಕೆ ಪೂರಾ ಸಿಗುತ್ತಿರಲಿಲ್ಲವಾದ್ದರಿಂದ ಸಿಗದ ಮಾತಿನ ಜಾಗದಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗುವಳು, ಮತ್ತೆ ಆ ಹಾಡು ಬಂದಾಗ ಚುಕ್ಕೆ ತುಂಬುವಳು. ಪಲ್ಲವಿ ನೀಲಿ ಬಾಲ್‌ಪೆನ್ನಿನಲ್ಲಿ, ಚರಣ ಕೆಂಪು ಜೆಲ್ ಪೆನ್ನಿನಲ್ಲಿ. ಹಾಡಿನ ತಲೆಗೆ ಸಿನಿಮಾದ ಹೆಸರು, ಬಲಗಡೆ ಗಾಯಕರ ಹೆಸರು, ಬರೆದು ಮುಗಿದ ಮೇಲೆ ಕೆಳಗೆ ಒಂದು ಹೂವು. ಪಿಯುಸಿ ಮುಗಿದ ಮೇಲೆ ಅವಳನ್ನು ಮುಂದೆ ಓದಿಸಲಿಲ್ಲ. ನಮ್ಮ ಹಾಗೆ ಗಾಂಧಿ ಚೌಕ ಸುತ್ತಿ ಬರುವ ದಾರಿ ಅವಳಿಗಿರಲಿಲ್ಲ. ಆದರೂ ಸುದ್ದಿ ಕೇಳಿದ ದಿನವೇ ಅವಳು ನೋಟುಬುಕ್ಕಿನ ಕೊನೆಯ ಹಾಳೆಗಳನ್ನು ಖಾಲಿ ಬಿಟ್ಟು, ಅವುಗಳಲ್ಲಿ ಮೊದಲ ಹಾಳೆಯ ತಲೆಗೆ ದಪ್ಪ ಅಕ್ಷರದಲ್ಲಿ 'ನೀನೇ ಬರೀ ನೀನೇ' ಎಂದು ಬರೆದು ಅಡಿಗೆರೆ ಎಳೆದಿಟ್ಟಳು. ಎಷ್ಟು ಹಾಡು ಇರಬಹುದೆಂದು ನಮ್ಮನ್ನು ಕೇಳಿ, ಒಂದು ಹಾಡಿಗೆ ಎರಡು ಪುಟದಂತೆ ಲೆಕ್ಕ ಹಾಕಿದ್ದಳು. ನಾವೆಲ್ಲ ಬಾಯಿಮಾತಿನಲ್ಲಿ ಕಾಯುತ್ತಿದ್ದೆವು. ಜಾಗ ಮಾಡಿಟ್ಟು ಕಾದವಳು ಅವಳೊಬ್ಬಳೇ.

ಆ ಬೇಸಿಗೆಯಲ್ಲಿ ಲೋಕಸಭೆ ಚುನಾವಣೆ ಬಂತು. ಪ್ರಚಾರದ ಟಂಟಂಗಳು ಊರೂರು ತಿರುಗಿದವು. ಸಿನಿಮಾ ಹಾಡಿನ ಧಾಟಿಗೆ ಚಿಹ್ನೆಯ ಹೆಸರು ಸೇರಿಸಿ ಮಾಡಿದ ಹಾಡುಗಳಲ್ಲಿ 'ಮುಂಗಾರು ಮಳೆ'ಯ ಧಾಟಿಯೂ ಇತ್ತು. ನಮ್ಮ ಭಜನೆಯ ಗೆಳೆಯನಿಗೆ ಅದನ್ನು ಕೇಳಿ ಸಿಟ್ಟು ಬಂದು, ಆ ಟಂಟಂ ಓಣಿಯಲ್ಲಿ ನಿಂತಿದ್ದಷ್ಟು ಹೊತ್ತು ಮನೆಯೊಳಗೇ ಕೂತಿದ್ದ. ಚುನಾವಣೆ ಮುಗಿಯಿತು, ಮುಂಗಾರು ಬರಲಿಲ್ಲ. ಆ ವರ್ಷ ದೇಶಕ್ಕೆ ದೇಶವೇ ಬರ. ನಮ್ಮ ಎರೆಹೊಲಗಳು ಬಿರುಕು ಬಿಟ್ಟು ಕೂತವು. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂದು ಹಿರಿಯರು ಹೇಳುವ ಮಾತು. ಡೋಣಿಯಲ್ಲಿ ಅಲ್ಲಲ್ಲಿ ನಿಂತ ಸವಳು ನೀರು ಬಿಟ್ಟರೆ ಏನೂ ಇರಲಿಲ್ಲ. ಸಂಜೆ ಹೊತ್ತು ನಾವು ಸೇತುವೆಯ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಗೆಳೆಯನೊಬ್ಬನ ಅಪ್ಪ ಕಡಲೆ ಮಾರಿದ ರೊಕ್ಕದಲ್ಲಿ ಅವನಿಗೊಂದು ನೋಕಿಯಾ 5130 ಕೊಡಿಸಿದ್ದರು. ಹಾಡಿಗೆಂದೇ ಮಾಡಿದ ಫೋನು, ಪಕ್ಕದಲ್ಲಿ ಹಾಡು ಹಾಕುವ ಗುಂಡಿಗಳೂ ಬೇರೆ. ಅದನ್ನು ಕಟ್ಟೆಯ ಮೇಲಿಟ್ಟು ಸುತ್ತ ಕೂತು ಹಳೆಯ ಹಾಡುಗಳನ್ನೇ ಹಾಕಿಕೊಂಡು, ಹೊಸದು ಹೇಗಿರಬಹುದೆಂದು ಚರ್ಚೆ ಮಾಡುತ್ತಿದ್ದೆವು.

ಚರ್ಚೆ ಅಂದರೆ ಸುಮ್ಮನೆ ಅಲ್ಲ. ಎಲ್ಲವೂ ಪ್ರೇಮದ ಹಾಡೇ ಇರುತ್ತವೋ, ಒಂದಾದರೂ ದುಃಖದ್ದು ಇರುತ್ತದೋ? ಶ್ರೇಯಾ ಘೋಷಾಲ್ ದನಿ ಇರಬಹುದೋ? ಮನೋಮೂರ್ತಿಯವರು ಅಮೆರಿಕದಲ್ಲಿರುವವರು, ಕಾಯ್ಕಿಣಿಯವರು ಬೆಂಗಳೂರಿನಲ್ಲಿ, ಸೋನು ಮುಂಬೈಯಲ್ಲಿ, ಇವರು ಮೂವರೂ ಕೂಡಿ ಹಾಡು ಮಾಡುವುದಾದರೂ ಹೇಗೆ? ಗೋಕರ್ಣದ ಸಮುದ್ರ ನೋಡಿ ಬೆಳೆದ ಕವಿ ಮಳೆಯ ಬಗ್ಗೆ ಬರೆದಷ್ಟು ನಮ್ಮ ಬಿಸಿಲಿನ ಬಗ್ಗೆ ಯಾಕೆ ಬರೆಯಬಾರದು ಎಂದು ಒಬ್ಬ ಕೇಳಿದ. ಟೇಲರನ ಮಗ ಇನ್ನೊಂದು ಮಾತು ಹೊರಗೆ ತೆಗೆದ. ಸೋನು ಕನ್ನಡಕ್ಕೆ ಬಂದದ್ದು 'ಮುಂಗಾರು ಮಳೆ'ಯಿಂದ ಅಲ್ಲ, 1996ರ 'ಜೀವನದಿ'ಯಿಂದ, ವಿಷ್ಣುವರ್ಧನರಿಗೆ ಹಾಡಿದ್ದು ಎಂದ. ನಾವು ನಂಬಲಿಲ್ಲ. ಮರುದಿನ ಅವನು ಆ ಕ್ಯಾಸೆಟ್ಟನ್ನೇ ಹುಡುಕಿ ತಂದು ಕವರಿನ ಮೇಲಿನ ಹೆಸರು ತೋರಿಸಿದ. ನಾವು ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದ ಕಾಲಕ್ಕೇ ಈತ ನಮ್ಮ ಭಾಷೆಯಲ್ಲಿ ಹಾಡಿದ್ದ ಎಂದು ತಿಳಿದು ಆದ ಖುಷಿ ಇಂದಿಗೂ ನೆನಪಿದೆ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮೋಡ ಕೂಡಿತು. ಹಿಂಗಾರಿಗಾದರೂ ಹದವಾಯಿತು ಎಂದು ಎಲ್ಲರಿಗೂ ಸಮಾಧಾನ. ಆ ಸಮಾಧಾನ ಒಂದು ರಾತ್ರಿಯೂ ಉಳಿಯಲಿಲ್ಲ. ಹಗಲು ರಾತ್ರಿ ಬಿಡದೆ ಹೊಡೆದ ಆ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ನಮ್ಮ ಕಡೆಯ ಮನೆಗಳು ಕಲ್ಲು ಮಣ್ಣಿನ ಗೋಡೆಯವು, ಮೇಲೆ ಜಂತಿ ಹಾಸಿ ಮಣ್ಣು ಹಾಕಿದ ಮಾಳಿಗೆಯವು. ಬಿಸಿಲಿಗೆ ಅದರಂಥ ಮನೆ ಇನ್ನೊಂದಿಲ್ಲ. ಆದರೆ ದಿನಗಟ್ಟಲೆ ನೀರು ಕುಡಿದ ಮಾಳಿಗೆಯ ಮಣ್ಣು ಎಷ್ಟು ಭಾರ ಆಗುತ್ತದೆಂದರೆ ಜಂತಿಗೆ ತಡೆಯುವುದಿಲ್ಲ. ಹೊಳೆಯ ನೀರು ಮುಟ್ಟದ ಮನೆಗಳೂ ಹೀಗೆ ಕುಸಿದು ಬಿದ್ದವು. ಡೋಣಿ ದಂಡೆ ಮೀರಿ ಹೊಲಗಳ ಮೇಲೆ ಹರಿಯಿತು. ನಾವು ಸಂಜೆ ಕೂರುತ್ತಿದ್ದ ಸೇತುವೆಯ ಕಡೆಗೆ ಯಾರೂ ಹೋಗುವಂತಿರಲಿಲ್ಲ. ಬಿಜಾಪುರದ ದಾರಿ ಬಂದಾಯಿತು.

ನಮ್ಮ ಮನೆಯ ಹಿಂದಿನ ಖೋಲಿ ಬಿತ್ತು. ಅದೃಷ್ಟಕ್ಕೆ ಎಲ್ಲರೂ ಪಡಸಾಲೆಯಲ್ಲಿದ್ದೆವು. ದನ ಬಿಚ್ಚಿ, ಜೋಳದ ಚೀಲ ಎಳೆದು, ಅಜ್ಜಿಯನ್ನು ಹೊತ್ತುಕೊಂಡು ಗುಡಿಗೆ ಹೋಗಿ ಸೇರಿದೆವು. ಮಳೆ ನಿಂತು ಬಂದು ನೋಡಿದಾಗ ಮಣ್ಣಿನಡಿಯಿಂದ ಸಿಕ್ಕ ಸಾಮಾನಿನಲ್ಲಿ ಅಕ್ಕನ ನೋಟುಬುಕ್ಕೂ ಇತ್ತು. ಬಿಸಿಲಿಗೆ ಒಣಹಾಕಿ, ಹಾಳೆ ಹರಿಯದಂತೆ ಅವಳು ಒಂದೊಂದೇ ಬಿಡಿಸಿದಳು. ನೀಲಿ ಬಾಲ್‌ಪೆನ್ನಿನ ಪಲ್ಲವಿಗಳು ಹಾಗೇ ಉಳಿದಿದ್ದವು. ಕೆಂಪು ಜೆಲ್ ಪೆನ್ನಿನ ಚರಣಗಳೆಲ್ಲ ಕರಗಿ ಹಾಳೆ ತುಂಬ ಗುಲಾಬಿ ಬಣ್ಣ ಹರಡಿತ್ತು. ಖಾಲಿ ಬಿಟ್ಟಿದ್ದ ಕೊನೆಯ ಪುಟಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಅಕ್ಕ ಅಳಲಿಲ್ಲ. ಊರಲ್ಲಿ ಅಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇದ್ದವರು ಬಹಳ ಜನ ಇದ್ದರು.

ಆ ಎರಡು ತಿಂಗಳು ನಮ್ಮಲ್ಲಿ ಯಾರೂ ಸೋನು ಹೆಸರು ಎತ್ತಲಿಲ್ಲ. ಸರ್ವೆಯವರು ಬಂದು ಬಿದ್ದ ಮನೆಗಳ ಪಟ್ಟಿ ಮಾಡಿಕೊಂಡು ಹೋದರು. ಮನೆ ಕಳೆದುಕೊಂಡವರಿಗೆ ಕಟ್ಟಿಸುವ 'ಆಸರೆ' ಮನೆಗಳ ಮಾತು ಶುರುವಾಯಿತು. ಕೊಚ್ಚಿಹೋದ ಹೊಲಗಳಲ್ಲಿ ಉಳಿದ ಮಣ್ಣಿಗೇ ಕಡಲೆ, ಬಿಳಿಜೋಳ ಬಿತ್ತಿದರು. ಒಂದು ಸಂಜೆ ಸೇತುವೆಯ ಕಟ್ಟೆಯ ಮೇಲೆ ಬಹಳ ದಿನದ ಮೇಲೆ ಎಲ್ಲರೂ ಕೂಡಿದಾಗ, ನೋಕಿಯಾದವನು ಏನೂ ಕೇಳದೆ ಫೋನು ಕಟ್ಟೆಯ ಮೇಲಿಟ್ಟು ಹಾಡು ಹಾಕಿದ. ಮೊದಲು ಯಾರಾದರೂ ಬಂದ್ ಮಾಡು ಅಂದಾರು ಎಂದುಕೊಂಡೆ. ಯಾರೂ ಅನ್ನಲಿಲ್ಲ. ಹಾಡು ಮುಗಿದ ಮೇಲೆ ಭಜನೆಯ ಗೆಳೆಯ ಕೇಳಿದ: 'ಅದು ಬಂತೋ ಇಲ್ಲೋ?'

ಬಂದಿತ್ತು. ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋಗಿದ್ದ ನಮ್ಮವನೊಬ್ಬ ಮೆಜೆಸ್ಟಿಕ್ಕಿನಲ್ಲಿ ಕೊಂಡು, ರಾತ್ರಿ ರೈಲಿನಲ್ಲಿ ಅಂಗಿಯೊಳಗೆ ಇಟ್ಟುಕೊಂಡು ತಂದ. ಸೀಲು ಒಡೆದಿರಲಿಲ್ಲ. ರೊಕ್ಕ ಹಾಕಿದವರೆಲ್ಲ ಕೂಡುವವರೆಗೆ ಒಡೆಯಬಾರದೆಂಬ ಮಾತು ಅವನು ಉಳಿಸಿಕೊಂಡಿದ್ದ.

ವಿ.ಸಿ.ಡಿ. ಪ್ಲೇಯರ್ ಇದ್ದದ್ದು ಗಿರಣಿಯವರ ಮನೆಯಲ್ಲಿ. ಕರೆಂಟು ಯಾವಾಗ ಬರುತ್ತದೆಂದು ಗಿರಣಿಯವರಿಗಿಂತ ಚೆನ್ನಾಗಿ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅವರು ಹೇಳಿದ ಹೊತ್ತಿಗೆ ಹೋಗಿ ಕೂತೆವು. ಅಕ್ಕನೂ ಬಂದಿದ್ದಳು, ಅವಳ ಜೊತೆಗೆ ಓಣಿಯ ಹೆಣ್ಣುಮಕ್ಕಳೂ ಬಂದರು. ಟಿವಿ ಹಾಕಿದ್ದಾರೆಂದು ತಿಳಿದು ಸಣ್ಣ ಹುಡುಗರು ಬಾಗಿಲು ತುಂಬಿಕೊಂಡರು. ಸಿ.ಡಿ. ಒಳಗೆ ಹೋಯಿತು. ಪರದೆ ನೀಲಿಯಾಯಿತು, ಮೂಲೆಯಲ್ಲಿ ಹಾಡಿನ ನಂಬರು, ಓಡುವ ಸೆಕೆಂಡು. ಅಷ್ಟೇ. ಹಾಡು ಬರುತ್ತಿದೆ, ಚಿತ್ರ ಇಲ್ಲ. ಗಿರಣಿಯವರ ಅಜ್ಜಿ, 'ದನಿ ಬರಾಕತ್ತೈತಿ, ಮಂದಿ ಯಾಕ ಕಾಣವಲ್ರು?' ಎಂದು ಕೇಳಿದರು. ಮಂದಿ ಇಲ್ಲ ಅಜ್ಜಿ, ಬರೀ ಹಾಡು ಎಂದೆವು. ಅಜ್ಜಿ ಸ್ವಲ್ಪ ಹೊತ್ತು ನೀಲಿ ಪರದೆಯನ್ನೇ ನೋಡಿ, ಆಮೇಲೆ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೇಳತೊಡಗಿದರು. ಸಣ್ಣ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಉಳಿದವರು ಉಳಿದೆವು.

ಮೊದಲನೆಯ ಸಲ ಕೇಳಿದಾಗ ಹಾಡುಗಳು ನಾವು ಎಣಿಸಿದ ಹಾಗೆ ಇರಲಿಲ್ಲ. ಸಿನಿಮಾದ ಹಾಡಿನಂತೆ ಎದ್ದು ಬಂದು ಕೈ ಹಿಡಿದು ಎಳೆಯುವಂಥವಲ್ಲ. ಅವು ಕಾಯಿಸಿದವು. ಎರಡನೆಯ ಸಲಕ್ಕೆ ಒಬ್ಬ ತನ್ನ ಹಾಡು ಆರಿಸಿಕೊಂಡ, ಮೂರನೆಯ ಸಲಕ್ಕೆ ಇನ್ನೊಬ್ಬ. ಕರೆಂಟು ಹೋಗುವುದರೊಳಗೆ ಎಲ್ಲರ ಕೈಯಲ್ಲೂ ಒಂದೊಂದು ಹಾಡಿತ್ತು, ಒಬ್ಬರದು ಒಬ್ಬರಿಗೆ ಒಪ್ಪಿಗೆ ಇರಲಿಲ್ಲ. ಭಜನೆಯ ಗೆಳೆಯ ಮಾತಾಡದೆ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅಕ್ಕ ಹೊಸ ನೋಟುಬುಕ್ಕು ತಂದಿದ್ದಳು, ಈ ಸಲ ಎರಡೂ ಬಾಲ್‌ಪೆನ್ನು. ರೇಡಿಯೋದ ಹಾಗೆ ಚುಕ್ಕೆ ಇಟ್ಟು ಮುಂದಿನ ಸರದಿಗೆ ಕಾಯುವ ಕಷ್ಟ ಇರಲಿಲ್ಲ. ನಿಲ್ಲಿಸು ಎಂದರೆ ನಿಲ್ಲಿಸುತ್ತಿದ್ದೆವು. ಆದರೂ ಅಭ್ಯಾಸಬಲದಿಂದ ಅವಳು ಚುಕ್ಕೆ ಇಡುತ್ತಲೇ ಇದ್ದಳು.

ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಆ ಹಾಡುಗಳು ನೋಕಿಯಾಕ್ಕೆ ಬಂದಾಗಿತ್ತು. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಉಂಡು ಬಂಡಿಯ ನೆರಳಿಗೆ ಕಾಲು ಚಾಚಿದೆವು. ಮೊಳಕಾಲೆತ್ತರದ ಜೋಳದ ನಡುವೆ ಆ ದನಿ ಬಹಳ ದೂರ ಹೋಗುತ್ತಿರಲಿಲ್ಲ. ಪಕ್ಕದ ಹೊಲದವರು ಬಂದು, 'ಏನ್ಲೇ ಅದು, ಕೇಳಸೂದss ಇಲ್ಲ, ಜೋರ್ ಹಚ್ರಿ,' ಎಂದು ಕೂತರು. ಅವರ ಹೊಲದ ಬದು ಪೂರಾ ಕೊಚ್ಚಿಹೋಗಿತ್ತು. ಊಟ ಮಾಡಿಕೊಂಡು, ನಾಲ್ಕು ಹಾಡು ಕೇಳಿಕೊಂಡು ಹೋದರು.

ಅದೇ ತಿಂಗಳ 29ಕ್ಕೆ ಅಶ್ವತ್ಥರು ಹೋದರು, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ. ಮರುದಿನ ವಿಷ್ಣುವರ್ಧನ್. ಎರಡು ದಿನ ಊರಿನ ಎಲ್ಲ ಟಿವಿಗಳಲ್ಲೂ ಅವೇ ದೃಶ್ಯ. ಕಾಲೇಜಿನ ಆ ಮೇಷ್ಟ್ರು ರಜೆ ಮುಗಿದ ಮೇಲೆ ತರಗತಿಗೆ ಬಂದು ಪಾಠ ಮಾಡದೆ ಶರೀಫರ ಒಂದು ಪದವನ್ನು ಅಶ್ವತ್ಥರ ಧಾಟಿಯಲ್ಲೇ ಹಾಡಿ ಕೂತುಬಿಟ್ಟರು. ಟೇಲರನ ಮಗ 'ಜೀವನದಿ' ಕ್ಯಾಸೆಟ್ಟನ್ನು ಮತ್ತೆ ಹೊರಗೆ ತೆಗೆದ. ಅವರ ಅಂಗಡಿಯ ಟೇಪಿನಲ್ಲಿ ಅವತ್ತೆಲ್ಲ ಅದೇ ಓಡಿತು. ಹರೆಯದ ಸೋನು, ಪರದೆಯ ಮೇಲೆ ವಿಷ್ಣು. ನಮಗೆ ದೂರದ ಊರಿನ ಗಾಯಕನೊಬ್ಬ ಅವತ್ತು ಮನೆಯ ದುಃಖದಲ್ಲಿ ಪಾಲು ಹಿಡಿದವನಂತೆ ಕಂಡ.

ಆಮೇಲೆ ಎಲ್ಲರೂ ಚದುರಿದೆವು. ಒಬ್ಬ ಪೊಲೀಸ್ ಆದ, ಒಬ್ಬ ಪುಣೆಗೆ ಹೋದ, ಟೇಲರನ ಮಗ ಸೊಲ್ಲಾಪುರದಲ್ಲಿ ಅಂಗಡಿ ಹಾಕಿದ. ಭಜನೆಯ ಗೆಳೆಯ ಊರಲ್ಲೇ ಉಳಿದ. ಬಿಜಾಪುರ 2014ರ ನವೆಂಬರ್ 1ರಿಂದ ವಿಜಯಪುರವಾಯಿತು, ಬಬಲೇಶ್ವರ ತಾಲೂಕಾಯಿತು, ಸಾರವಾಡ ಅದಕ್ಕೆ ಸೇರಿತು. ಮುಳವಾಡ ಏತ ನೀರಾವರಿಯ ನೀರು ಈ ಸೀಮೆಗೆ ಬಂದು, ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಕಬ್ಬು ನಿಂತಿದೆ. ಗಾಂಧಿ ಚೌಕದ ಆ ಸಣ್ಣ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ.

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಕನ್ನಡ ಹಾಡು ಹಾಡಿರಿ ಎಂಬ ಕೋರಿಕೆಗೆ ಸೋನು ಆಡಿದ ಮಾತಿನಿಂದ ದೊಡ್ಡ ವಿವಾದವಾಗಿ, ಕೊನೆಗೆ ಅವರು ಕ್ಷಮೆ ಕೇಳಿದ್ದು ಎಲ್ಲರಿಗೂ ಗೊತ್ತು. ಆ ವಾರ ನಮ್ಮ ಫೋನುಗಳು ಬಹಳ ದಿನದ ಮೇಲೆ ಒಂದೇ ಸಮನೆ ಹೊಡೆದುಕೊಂಡವು. ಪೊಲೀಸ್ ಗೆಳೆಯ ಬಹಳ ಬಿಸಿಯಾಗಿದ್ದ, ಪುಣೆಯವನು ಸಮಾಧಾನ ಹೇಳುತ್ತಿದ್ದ. ಅಕ್ಕನಿಗೆ ಫೋನು ಮಾಡಿದೆ. ಅವಳು ಹೇಳಿದಳು: 'ನಾ ಹಾಡ ಬರಕೊಂಡೀನಿ. ಬರದದ್ದು ಅಳಸೂದಿಲ್ಲ.' ನನ್ನ ಮನಸ್ಸೂ ಅದನ್ನೇ ಹೇಳಿತು. ಕ್ಷಮೆ ಕೇಳಿದ ಮೇಲೆ ನಮ್ಮೊಳಗೆ ಆ ಮಾತು ಮುಗಿಯಿತು.

ಅಕ್ಕನ ಮಗ ಈಗ ಹದಿನಾರರ ಹುಡುಗ. ಅವನೂ ಕಾಯುತ್ತಾನೆ. ರಾಯಬಾಗ ಕಡೆಯ ಮಾಳು ನಿಪನಾಳ ಅವರ ಹೊಸ ಜಾನಪದ ಹಾಡು ಯೂಟ್ಯೂಬಿಗೆ ಬರುತ್ತದೆ ಎಂದು ಗೊತ್ತಾದರೆ ಆ ಹೊತ್ತಿಗೆ ಫೋನು ಹಿಡಿದು ಕೂರುತ್ತಾನೆ. ಹಾಡುವವರು ಹೊಲದಿಂದ, ಟ್ರ್ಯಾಕ್ಟರಿನಿಂದ ಎದ್ದು ಬಂದವರು, ಮಾತಾಡುವುದು ನಮ್ಮ ಹಾಗೆಯೇ. ನಮಗೆ ದೂರದ ದನಿಯೊಂದು ಹತ್ತಿರ ಬಂದು ನಿಂತದ್ದೇ ದೊಡ್ಡದಾಗಿತ್ತು. ಈ ಹುಡುಗನಿಗೆ ಪಕ್ಕದ ಜಿಲ್ಲೆಯವನೊಬ್ಬ ಲಕ್ಷಗಟ್ಟಲೆ ಜನರ ಮುಂದೆ ನಮ್ಮ ಮಾತಿನಲ್ಲೇ ಹಾಡಿ ಗೆಲ್ಲುವುದನ್ನು ನೋಡುವ ಭಾಗ್ಯ. ನಾನು ಅವನ ಪಕ್ಕ ಕೂತು ಆ ಹಾಡುಗಳನ್ನು ಕೇಳಿದ್ದೇನೆ. ಕುಣಿಸುವ ಹಾಡುಗಳು, ಅವುಗಳ ಖುಷಿ ನಿಜವಾದದ್ದು. ಹಾಡು ಬಂದ ನಿಮಿಷಕ್ಕೇ ಅವನು ಗೆಳೆಯರಿಗೆಲ್ಲ ಕಳಿಸುತ್ತಾನೆ, ಅವರು ತಮ್ಮ ತಮ್ಮ ಮನೆಯಲ್ಲೇ ಕೇಳುತ್ತಾರೆ. ಗಿರಣಿಯವರ ಮನೆಯಲ್ಲಿ ಕೂಡಿ ಕೂತದ್ದನ್ನು ಹೇಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, 'ಅಷ್ಟು ಮಂದಿ ಒಂದss ಸಿ.ಡಿ. ತಂದಿದ್ರೇನು?' ಹೌದು, ಒಂದೇ. ಅದಕ್ಕೇ ಕೂಡಿ ಕೂತಿದ್ದೆವು.

ಆ ಸಿ.ಡಿ. ಯಾರ ಹತ್ತಿರ ಇದೆ ಎಂಬುದು ಮೊನ್ನೆಯವರೆಗೂ ಜಗಳವಾಗಿತ್ತು. ಸೊಲ್ಲಾಪುರದವನು ಒಪ್ಪಿಕೊಂಡ, ಅವನಲ್ಲೇ ಇದೆ, 'ದೀವಾನಾ' ಕ್ಯಾಸೆಟ್ಟಿನ ಜೊತೆಗೇ ಇಟ್ಟಿದ್ದಾನೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಎಲ್ಲರೂ ಬರುವುದು, ಅಲ್ಲಿಂದ ಸಾರವಾಡಕ್ಕೆ ಹೋಗುವುದು ಎಂದು ಮಾತಾಗಿದೆ. ಎಳೆಜೋಳ ಸುಡುವ ಸೀತನಿಯ ಹೊತ್ತಿಗೆ ಬಂದರೆ ಇನ್ನೂ ಚಲೋ ಎಂದು ಭಜನೆಯ ಗೆಳೆಯನ ಆಗ್ರಹ, ಅವನ ಹೊಲದಲ್ಲಿ ಇನ್ನೂ ಜೋಳವೇ ಇದೆ. ಸೊಲ್ಲಾಪುರದವನದು ಒಂದೇ ಷರತ್ತು: 'ಸಿ.ಡಿ. ನಾ ತರ್ತೀನಿ. ಹಚ್ಚೋ ಪ್ಲೇಯರ್ ಯಾರ ಮನ್ಯಾಗೈತಿ, ಮೊದಲ ಅದನ್ನ ಹೇಳ್ರಿ.' ಗಿರಣಿಯವರ ಮನೆಗೆ ಫೋನು ಮಾಡಿ ಕೇಳಿದ್ದೇವೆ. ಅಟ್ಟದ ಮೇಲೆ ನೋಡಿ ಹೇಳುತ್ತೇವೆ ಎಂದಿದ್ದಾರೆ.